ದೀರ್ಘ

ಮೊದಲ ತುಣುಕು ಬಿಟ್ಟ ರಾತ್ರಿ ಜೋಂಬೊರ್ ಫೋನು ಮಾಡಿದ:
"ಅಕ್ಕಾ, ನೋಡಿದೆಯಾ? ಹೆಸರನ್ನೇ ಕೆಡಿಸಿಬಿಟ್ಟಿದ್ದಾರೆ."
ನೋಡಿದ್ದೆ. ಹನ್ನೊಂದು ಸಲ.

ಟ್ಯಾವ್ರಿನ್ ಅಂತೆ.
ತುಟಿ ತೆರೆದು ಮುಚ್ಚುವುದರೊಳಗೆ ಮುಗಿದೇ ಹೋಗುತ್ತಾಳೆ.
ನಮ್ಮಪ್ಪನ ಬಾಯಲ್ಲಿ ಅವಳು ತಾವೆರೀನ್;
ಎರಡು ದೀರ್ಘಗಳ ನಡುವೆ ಒಂದು ಪುಟ್ಟ ಹ್ರಸ್ವ,
ಎರಡು ದಡಗಳ ನಡುವೆ ಅವಳ ದೋಣಿಯ ಹಾಗೆ.

ಅಪ್ಪನಿಗೆ ಇಂಗ್ಲಿಷು ಬರುತ್ತಿರಲಿಲ್ಲ.
ಉಕ್ಕಿನ ಕಾರ್ಖಾನೆಯ ಹಗಲ ಪಾಳಿ ಮುಗಿಸಿ
ಟ್ರಾಮಿನಿಂದಿಳಿದು, ಕೈ ಉಜ್ಜಿ ಉಜ್ಜಿ ತೊಳೆದು,
ಹಂಗೇರಿಯನ್ನಿಗೆ ಬಂದಿದ್ದ ಆ ಐದು ಸಂಪುಟಗಳನ್ನು
ದಿನಕ್ಕೆ ಎಂಟು ಪುಟದಂತೆ ಓದುತ್ತಿದ್ದ.
ಎಷ್ಟು ಗೋಗರೆದರೂ ಒಂಬತ್ತಿಲ್ಲ.
ಆದರೂ ಪುಟದಂಚಿಗೆಲ್ಲ ಎಣ್ಣೆಯ ಹೆಬ್ಬೆಟ್ಟು.
ಗ್ರಂಥಾಲಯದ ಪಿರೋಶ್ಕಾ ಮೊದಮೊದಲು ಬೈದಳು,
ಆಮೇಲಾಮೇಲೆ
ಆ ಐದನ್ನು ನಮಗೆಂದೇ ಬೇರೆ ಎತ್ತಿಡತೊಡಗಿದಳು.

ದೂರುಗಳಿವೆ ನನ್ನ ಹತ್ತಿರ, ಬರೆದೂ ಇಟ್ಟಿದ್ದೇನೆ.
ಅವಳ ದೋಣಿಗೆ ಹಾಯಿ ಕಟ್ಟಿದ್ದಾರೆ.
ಹುಟ್ಟುಗೋಲು ಸ್ವಾಮಿ, ಬರೀ ಹುಟ್ಟುಗೋಲು!
ಎರಡನೇ ಸಂಪುಟ ಪೂರ್ತಿ ಆ ಕೋಲಿನದೇ ಕಥೆ.
ಕುಂಟ ನಾಯಿ ಕುಂಟುವುದಿಲ್ಲ.
ಇನ್ನು ಆ ಆಲೂಗೆಡ್ಡೆಯ ಅಧ್ಯಾಯ,
ಯಾರೂ ಸಾಯದ, ಯಾರೂ ಗೆಲ್ಲದ,
ವೈರಿಗಳಿಬ್ಬರು ಇರುವ ಒಂದೇ ಚಾಕುವಿಗೆ
ಸರದಿಯಲ್ಲಿ ಕಾಯುತ್ತ ಸಿಪ್ಪೆ ಸುಲಿಯುವ ಅಧ್ಯಾಯ,
ಅದು ಇರಲಾರದು.
ಸಿಪ್ಪೆಗೆ ಯಾರು ದುಡ್ಡು ಹಾಕುತ್ತಾರೆ?

ಮಾರ್ಚಿಯಲ್ಲಿ ಮಿಶ್ಕೋಲ್ತ್ಸ್‌ಗೆ ಲಾರಿಗಳು ಬಂದವು.
ಮುಚ್ಚಿದ ಕಾರ್ಖಾನೆಯ ಬೇಲಿಗೆ ಹಾಳೆ ಅಂಟಿಸಿದ್ದರು:
ಜನ ಬೇಕು, ಇನ್ನೂರು, ದಿನಗೂಲಿ, ಒಂದು ಹೊತ್ತಿನ ಊಟ.
ನಲವತ್ತಾರರ ನಾನು ಔಷಧದಂಗಡಿಗೆ ರಜೆ ಹಾಕಿ
ಸಾಲಿನಲ್ಲಿ ನಿಂತೆ.
ಬೈಯುವುದಕ್ಕಾದರೂ ಹತ್ತಿರ ಹೋಗಬೇಕಲ್ಲ.

ಮೈಗೆ ಗೋಣಿ, ಮುಖಕ್ಕೆ ಮಸಿ.
ಮಸಿ ಬಳಿಯುವ ಹುಡುಗಿ ಕೇಳಿದಳು, "ಪುಸ್ತಕ ಓದಿದ್ದೀರಾ?"
"ಸ್ವಲ್ಪ," ಅಂದೆ.

ಆಮೇಲೆ ಗೇಟು ತೆರೆದರು.

ಜೋಂಬೊರ್‌ಗೂ ಹೇಳಿಲ್ಲ ಇದನ್ನು:
ಕಬ್ಬಿಣದೊಡೆಯನ ಕೋಟೆ,
ಮೂರನೇ ಸಂಪುಟದಲ್ಲಿ ಅಪ್ಪ ದನಿ ತಗ್ಗಿಸುತ್ತಿದ್ದ ಜಾಗ,
ನನ್ನ ತಲೆಯೊಳಗೆ ಯಾವತ್ತೂ ಇದೇ ಗೇಟು,
ಇದೇ ಕುಲುಮೆ, ಇವೇ ಮೂರು ಚಿಮಣಿ.
ಒಮ್ಮೆ ಮರೆತ ಊಟದ ಡಬ್ಬಿ ಕೊಡಲು ಹೋದವಳು
ಬಾಗಿಲ ಸಂದಿಯಿಂದ ಕಂಡಿದ್ದೆ
ಉಕ್ಕು ಹರಿಯುವುದನ್ನು, ಅದರ ಮುಂದೆ
ಒಬ್ಬ ಪುಟ್ಟ ಕಪ್ಪು ಮನುಷ್ಯನನ್ನು. ಅದು ಅಪ್ಪ.
ನೀನು ದುಡಿಯುವ ಜಾಗ ದುಷ್ಟನ ಮನೆಯೆಂದು
ಹೇಗೆ ಹೇಳುವುದು, ಎಂಟು ಪುಟ ಓದಿ
ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುವವನಿಗೆ?

ಹೆಸರು ತಪ್ಪಿದರು, ದೋಣಿ ತಪ್ಪಿದರು, ನಾಯಿಯ ಕಾಲು ತಪ್ಪಿದರು,
ಅದಕ್ಕೆಲ್ಲ ಬೈಗುಳ ತಯಾರಿತ್ತು.
ಇದೊಂದನ್ನು ಸರಿಯಾಗಿ ಮಾಡಿಬಿಟ್ಟರಲ್ಲ.
ನನ್ನ ಸೆರಗಿನ ಗಂಟಿನಲ್ಲಿದ್ದುದನ್ನು
ಕೇಳದೆ, ಕದಿಯದೆ, ಬಿಚ್ಚಿಯೂ ನೋಡದೆ
ತಾವಾಗಿ ಕಂಡುಕೊಂಡವರ ಮೇಲೆ ಏನೆಂದು ದಾವೆ ಹೂಡಲಿ?

ತಣ್ಣನೆಯ ಕುಲುಮೆಯೊಳಗೆ ಕೆಂಪು ದೀಪ ಹೊತ್ತಿತು.
ಅವಳು ಬರುತ್ತಾಳೆ, ಹೆಸರು ಹಿಡಿದು ಕೂಗಿ, ಅಂದರು.
ಕೂಗಿದೆವು. ಇನ್ನೂರು ಗಂಟಲು, ಒಂದೇ ಸಮ:
ತಾವೆರೀನ್!
ಧ್ವನಿವರ್ಧಕ ಹಿಡಿದ ಹುಡುಗ ತಲೆಯಲ್ಲಾಡಿಸಿದ.
ಹಾಗಲ್ಲ, ಹೀಗೆ.
ಮತ್ತೆ ಕೂಗಿದೆವು. ಮತ್ತೆ ತಾವೆರೀನ್.
ಅಂದರೆ ಈ ಊರಿನ ಎಷ್ಟು ಮನೆಗಳಲ್ಲಿ
ಎಷ್ಟು ಅಪ್ಪಂದಿರು?
ನಮ್ಮ ಮನೆಯೊಂದೇ ಅಂದುಕೊಂಡಿದ್ದೆ ನಾನು.

ಐದನೇ ಸಲ ಹಸಿವಾಗಿತ್ತು, ಚಳಿಯೂ.
ಎಲ್ಲರೂ ಹೇಳಿಕೊಟ್ಟ ಹಾಗೆ ಅಂದರು.
ನಾನೂ ಅಂದೆ.

ಊಟಕ್ಕೆ ಬೀನ್ಸಿನ ಸಾರು. ಚೆನ್ನಾಗಿತ್ತು.
ರಾತ್ರಿ ಜೋಂಬೊರ್ ಕೇಳಿದ, "ಹೇಗಿತ್ತು?"
ಕಿವಿಯ ಹಿಂದಿನ ಮಸಿ ಇನ್ನೂ ಹೋಗಿರಲಿಲ್ಲ.
"ನಾಯಿ ಕುಂಟುವುದೇ ಇಲ್ಲ ಕಣೋ," ಅಂದೆ.